ಎಳ್ಳು-ಬೆಲ್ಲ ಅಂಟಾಗುವುದೇಕೆ?

ಸಂಕ್ರಾಂತಿಗೆ ಬೆರೆಸಿಟ್ಟ ಎಳ್ಳು-ಬೆಲ್ಲ ಎರಡೇ ದಿನಕ್ಕೆ ಅಂಟಂಟಾಗಿ ಗಂಟು ಕಟ್ಟುತ್ತದೆ ಎಂದಿದ್ದೀರಿ. ಕಾರಣ ತೇವ, ಹೆಚ್ಚಾಗಿ ಬೆಲ್ಲ, ಕೊಬ್ಬರಿಗಳದ್ದು. ಹಸಿ ತೆಂಗಿನಕಾಯಿ ಒಣಗಿಸಿ ಹಾಕಿದ್ದರೆ ಮುಂದಿನ ಸಲ ಬೇಡ, ಉಂಡೆ ಕೊಬ್ಬರಿಯೇ ಆಗಬೇಕು. ಕಂದು ಸಿಪ್ಪೆ ಹೆರೆದು, ತೆಳ್ಳಗೆ ಹೆಚ್ಚಿ ಎರಡು ದಿನ ಬಿಸಿಲಿಗಿಡಿ. ಗಟ್ಟಿ ಅಚ್ಚುಬೆಲ್ಲವನ್ನು ಅಡಕತ್ತರಿಯಲ್ಲಿ ಕಡಲೆ ಗಾತ್ರಕ್ಕೆ ಕತ್ತರಿಸಿ ಬೇರೆ ತಟ್ಟೆಯಲ್ಲಿ ಒಣಗಿಸಿ. ಮೆತ್ತಗಿನ ಬೆಲ್ಲ ಎಷ್ಟು ಒಣಗಿಸಿದರೂ ಬೆವರುತ್ತದೆ. ಇಬ್ಬನಿ ಬೀಳುವ ಕಾಲ, ಸಂಜೆ ನಾಲ್ಕಕ್ಕೆಲ್ಲ ಒಳಗೆ ತನ್ನಿ.

ಕೊಬ್ಬರಿ, ಬೆಲ್ಲ, ಕಡಲೆಬೀಜ, ಹುರಿಗಡಲೆ ತಲಾ 1 ಲೋಟ. ಬಿಳಿ ಎಳ್ಳು ಅರ್ಧ ಲೋಟ ಸಾಕು. ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗಷ್ಟೇ ಹುರಿಯಿರಿ, ಕೆಂಪಾದರೆ ಕಹಿ. ಕಡಲೆಬೀಜ ಹುರಿದು, ಸಿಪ್ಪೆ ಉಜ್ಜಿ, ಎರಡು ಬೇಳೆ ಮಾಡಿ ಕೇರಿ.

ಬಹಳ ಜನ ಎಡವುವುದು ಇದರ ನಂತರ: ಬಿಸಿ ಆರುವ ಮೊದಲೇ ಬೆರೆಸುತ್ತಾರೆ, ಬೆಲ್ಲ ಮೆತ್ತಗಾಗಿ ಎಳ್ಳೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ. ಪೂರ್ತಿ ಆರಲಿ. ಬೆಲ್ಲವನ್ನು ಬೇರೆ ಡಬ್ಬಿಯಲ್ಲಿಟ್ಟು ಹಬ್ಬದ ಹಿಂದಿನ ಸಂಜೆ ಸೇರಿಸಿದರೆ ಇನ್ನೂ ಒಳ್ಳೆಯದು. ಕೈ, ಚಮಚ ಒಣಗಿರಲಿ.

ಈಗ ಗಂಟಾಗಿರುವುದನ್ನು ಎಸೆಯಬೇಡಿ. ಕಮಟು ವಾಸನೆ ಇಲ್ಲದಿದ್ದರೆ ಒರಳಲ್ಲಿ ಕುಟ್ಟಿ ಉಂಡೆ ಕಟ್ಟಿ, ಮಕ್ಕಳಿಗೆ ಬಲು ಇಷ್ಟವಾಗುತ್ತದೆ.