ಆಸ್ಟಿನ್‌ಗೆ ಬರುವ ಮುಂಚೆ: ಸಾವರ್ ಮನೆತನದ ಹೊಲ ಮತ್ತು ನಿಮ್ಮ ಅಮ್ಮನ ಪ್ರಶ್ನೆ

ನಮಸ್ಕಾರ. ನಿಮ್ಮ ಪತ್ರ ಓದಿದೆ. ಕಂಪನಿಯವರು ನಿಮ್ಮ ಯಜಮಾನರನ್ನು ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್‌ಗೆ ಕಳಿಸುತ್ತಿದ್ದಾರೆ, ಮಗಳಿಗೆ ಆರು ವರ್ಷ. ಅಲ್ಲಿ ನೆಲೆ ನಿಲ್ಲಬಹುದಾ, ಮೂರು ವರ್ಷದಲ್ಲಿ ಮನೆ ಕೊಳ್ಳಬಹುದಾ, ಮಗು ಕನ್ನಡ ಮರೆಯುತ್ತಾ, ಗ್ರೈಂಡರ್ ತರಬೇಕಾ ಅಂತ ಕೇಳಿದ್ದೀರಿ. ಕೊನೆಗೆ "ಅಲ್ಲಿ ಏನಾದ್ರೂ ಹೆಚ್ಚುಕಡಿಮೆ ಆದ್ರೆ ಮಣ್ಣು ಮಾಡೋರು ಯಾರು ಅಂತ ಅಮ್ಮ ಕೇಳ್ತಾರೆ" ಅಂತ ಬರೆದು ಪಕ್ಕದಲ್ಲಿ ಒಂದು ನಗುಮುಖ ಹಾಕಿದ್ದೀರಿ. ನನಗೆ ನಗು ಬರಲಿಲ್ಲ. ನಿಮ್ಮ ಪತ್ರದಲ್ಲಿ ಅದೇ ಸರಿಯಾದ ಪ್ರಶ್ನೆ.

ಹೊಸದಾಗಿ ಬಂದವರನ್ನು ನಾನು ಮೊದಲು ಕರೆದುಕೊಂಡು ಹೋಗುವುದು ಒಂದು ಹೊಲಕ್ಕೆ. ಆಸ್ಟಿನ್‌ನಿಂದ ಪಶ್ಚಿಮಕ್ಕೆ 290ನೇ ಹೆದ್ದಾರಿ ಹಿಡಿದರೆ ಸ್ಟೋನ್‌ವಾಲ್ ಅಂತ ಒಂದು ಪುಟ್ಟ ಊರು ಸಿಗುತ್ತದೆ. ಪೀಚ್ ಹಣ್ಣಿಗೆ ಹೆಸರಾದ ಊರು. ಅಲ್ಲಿ ಲಿಂಡನ್ ಜಾನ್ಸನ್ ಹೆಸರಿನ ಸ್ಟೇಟ್ ಪಾರ್ಕ್ ಇದೆ. ಅದರೊಳಗೆ ಸಾವರ್-ಬೆಕ್ಮನ್ ಫಾರ್ಮ್. ಅಲ್ಲಿ ಕೆಲಸ ಮಾಡುವವರು ನೂರು ವರ್ಷದ ಹಿಂದಿನ ರೈತರ ಬಟ್ಟೆ ತೊಟ್ಟು ಹಾಲು ಕರೆಯುತ್ತಾರೆ, ಬೆಣ್ಣೆ ಕಡೆಯುತ್ತಾರೆ, ಸೌದೆ ಒಲೆಯಲ್ಲಿ ಅಡುಗೆ ಮಾಡುತ್ತಾರೆ. ನಿಮ್ಮ ಮಗಳಿಗೆ ಕೋಳಿ, ಹಂದಿ ನೋಡಿ ಖುಷಿಯಾಗುತ್ತದೆ. ನೀವು ಮನೆಯ ಗೋಡೆ ನೋಡಿ.

1869ರಲ್ಲಿ ಯೊಹಾನ್ ಸಾವರ್ ಮತ್ತು ಕ್ರಿಸ್ಟೀನ್ ಎಂಬ ಜರ್ಮನ್ ದಂಪತಿ ನಾಲ್ಕು ಮಕ್ಕಳ ಜೊತೆ ಬಂದು ಈ ನೆಲದಲ್ಲಿ ನಿಂತರು. ಮೊದಲು ಕಟ್ಟಿದ್ದು ಕಲ್ಲು ಮತ್ತು ಮರದ ದಿಮ್ಮಿಯ ಪುಟ್ಟ ಗೂಡು. 1885ರ ಹೊತ್ತಿಗೆ ಅದರ ಸುತ್ತ ಹಲವು ಕಲ್ಲುಕಟ್ಟಡಗಳು ಎದ್ದಿದ್ದವು. ಅಂದರೆ 16 ವರ್ಷದ ದುಡಿತ. ಮಕ್ಕಳೂ ನಾಲ್ಕರಿಂದ ಹತ್ತಾದರು. ಮೂರು ವರ್ಷದಲ್ಲಿ ಮನೆ ಅನ್ನುವ ನಿಮ್ಮ ಲೆಕ್ಕಕ್ಕೆ ನನ್ನ ಉತ್ತರ ಇದೇ ಅಂದುಕೊಳ್ಳಿ.

1900ರಲ್ಲಿ ಹೊಲ ಬೆಕ್ಮನ್ ಕುಟುಂಬಕ್ಕೆ ಹೋಯಿತು. ಅವರೂ ಜರ್ಮನ್ನರೇ. 1915ರಲ್ಲಿ ಹತ್ತಿ ಚೆನ್ನಾಗಿ ಬಂತು. ಅದೇ ದುಡ್ಡಿನಲ್ಲಿ ಎಮಿಲ್ ಮತ್ತು ಎಮ್ಮಾ ಬೆಕ್ಮನ್ ಹೊಸ ಕೊಟ್ಟಿಗೆ ಕಟ್ಟಿದರು, ಹಳೇ ಕಲ್ಲುಮನೆಗೆ ಒಂದು ಕೋಣೆ ಸೇರಿಸಿದರು, ಪಕ್ಕದಲ್ಲಿ ಅಚ್ಚೊತ್ತಿದ ತಗಡು ಹೊದಿಸಿದ ಚಂದದ ಮನೆ ಎಬ್ಬಿಸಿದರು. ಆಗಿನ ಕಾಲಕ್ಕೆ ಅದೇ ಫ್ಯಾಷನ್. ನಮ್ಮ ಹಾಸನದ ಕಡೆ ಒಂದು ವರ್ಷ ಶುಂಠಿಗೆ ರೇಟು ಬಂದರೆ ಮನೆಗೆ ಟೈಲ್ಸ್ ಬರುತ್ತಲ್ಲ, ಹಾಗೆ. 1966ರಲ್ಲಿ ಬೆಕ್ಮನ್ ಮನೆಮಗಳೊಬ್ಬರು ಜಾಗವನ್ನು ಸರ್ಕಾರಕ್ಕೆ ಮಾರಿದರು. 1975ರಿಂದ ಎಲ್ಲರೂ ಹೋಗಿ ನೋಡಬಹುದು.

ಇಷ್ಟು ಕೇಳಿದರೆ ಸುಖದ ಕಥೆ ಅನಿಸುತ್ತದೆ. ಆದರೆ ಸಾವರ್ ಕುಟುಂಬ ಇಲ್ಲಿ ನೆಲೆಯಾಗುವ ಹೊತ್ತಿಗೆ, ಗುಂಪುಗುಂಪಾಗಿ ಸಾಯುವ ಕೆಲಸವನ್ನು ಅವರಿಗಿಂತ ಮೊದಲು ಬಂದವರು ಮುಗಿಸಿದ್ದರು.

1842ರಲ್ಲಿ ಜರ್ಮನಿಯ ಕೆಲವು ದೊಡ್ಡಮನೆತನದವರು ಸೇರಿ ಒಂದು ಸಂಘ ಕಟ್ಟಿದರು. ಆಡೆಲ್ಸ್‌ಫೆರೈನ್ ಅಂತ ಕರೆಯುತ್ತಾರೆ. ಬಡ ರೈತರನ್ನು, ಕುಶಲಕರ್ಮಿಗಳನ್ನು ಟೆಕ್ಸಸ್‌ಗೆ ಸಾಗಿಸುವ ಯೋಜನೆ. ಕುಟುಂಬಕ್ಕೆ 600 ಗುಲ್ಡನ್ (ಆಗಿನ ಜರ್ಮನ್ ನಾಣ್ಯ) ಕಟ್ಟಿದರೆ ಪ್ರಯಾಣ, 320 ಎಕರೆ ನೆಲ, ಒಂದು ಮನೆ ಎಲ್ಲ ಸಿಗುತ್ತದೆ ಅಂತ ಮಾತು. ಈಗಿನ ಕೆಲವು ಕನ್ಸಲ್ಟೆನ್ಸಿಗಳ ಮಾತು ಕೇಳಿದವರಿಗೆ ಈ ಧಾಟಿ ಹೊಸದಲ್ಲ. ಕೊಡುತ್ತೇವೆ ಅಂದ ನೆಲವನ್ನು ಸಂಘದವರೇ ನೋಡಿರಲಿಲ್ಲ. ಲಾನೋ ಮತ್ತು ಕೊಲರಾಡೋ ನದಿಗಳ ನಡುವಿನ ಆ ಸೀಮೆ ಅಲ್ಲಿನ ಮೂಲನಿವಾಸಿಗಳಾದ ಕಮಾಂಚಿ ಜನರದ್ದು. ಬಂದವರಲ್ಲಿ ಹೆಚ್ಚಿನವರು ಅಲ್ಲಿಗೆ ತಲುಪಲೇ ಇಲ್ಲ.

1844ರಿಂದ ಕೆಲವೇ ವರ್ಷಗಳಲ್ಲಿ ಏಳು ಸಾವಿರಕ್ಕೂ ಜಾಸ್ತಿ ಜನ ಹಡಗು ಹತ್ತಿದರು. ಇಳಿದಿದ್ದು ಇಂಡಿಯನೋಲಾ ಎಂಬ ಕಡಲತೀರದಲ್ಲಿ. 1846ರಲ್ಲಿ ಮೆಕ್ಸಿಕೋ ಜೊತೆ ಯುದ್ಧ ಶುರುವಾಯಿತು. ಇದ್ದಬದ್ದ ಗಾಡಿಗಳನ್ನೆಲ್ಲ ಸೈನ್ಯ ಬಾಡಿಗೆಗೆ ಹಿಡಿಯಿತು. ಮೇಲಿಂದ ಬಿಡದೆ ಮಳೆ. ಸಾವಿರಾರು ಜನ ತೀರದ ಕೆಸರಲ್ಲಿ, ಡೇರೆಗಳಲ್ಲಿ ಸಿಕ್ಕಿಬಿದ್ದರು. ಜ್ವರ, ರಕ್ತಭೇದಿ ಹಬ್ಬಿತು. ತಾಳಲಾರದವರು, ಒಳನಾಡಿನಲ್ಲಿ ಜರ್ಮನ್ನರೇ ಕಟ್ಟಿಕೊಂಡಿದ್ದ ನ್ಯೂ ಬ್ರೌನ್‌ಫೆಲ್ಸ್ ಊರಿನ ಕಡೆ ಕಾಲ್ನಡಿಗೆಯಲ್ಲೇ ಹೊರಟು ದಾರಿಯಲ್ಲಿ ಬಿದ್ದರು. ನೂರಾರು ಜನ ಹೋದರು. ಎಷ್ಟೋ ಮಕ್ಕಳಿಗೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಲೂಯಿ ಎರ್ವೆಂಡ್‌ಬರ್ಗ್ ಎಂಬ ಪಾದ್ರಿ ಮತ್ತು ಅವರ ಹೆಂಡತಿ ಅಂಥ ಮಕ್ಕಳನ್ನು ಸಾಕಿದರು. ಟೆಕ್ಸಸ್‌ನ ಮೊದಲ ಅನಾಥಾಲಯ ಹುಟ್ಟಿದ್ದು ಹೀಗೆ. ಇಂಡಿಯನೋಲಾ ಊರು ಈಗಿಲ್ಲ. 1875 ಮತ್ತು 1886ರ ಚಂಡಮಾರುತಗಳು ಅದನ್ನು ಮುಗಿಸಿದವು.

ಉಳಿದವರಿಗೂ ನೆಮ್ಮದಿ ಇರಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಟೆಕ್ಸಸ್, ಗುಲಾಮಗಿರಿ ಉಳಿಸಲು ಹೊರಟ ದಕ್ಷಿಣದ ರಾಜ್ಯಗಳ ಕಡೆ ನಿಂತಾಗ ಇಲ್ಲಿನ ಅನೇಕ ಜರ್ಮನ್ನರು ಒಪ್ಪಲಿಲ್ಲ. 1862ರ ಆಗಸ್ಟ್ 10ರಂದು, ಮೆಕ್ಸಿಕೋಗೆ ಹೊರಟಿದ್ದ ಒಂದು ಗುಂಪಿನ ಮೇಲೆ ನ್ಯುಯೇಸಸ್ ನದಿಯ ಹತ್ತಿರ ದಕ್ಷಿಣದ ಸೈನಿಕರ ದಾಳಿ ಆಯಿತು. ಗಾಯಗೊಂಡು ಸಿಕ್ಕವರನ್ನೂ ಕೊಂದರು. ಎಲುಬುಗಳು ಯುದ್ಧ ಮುಗಿಯುವವರೆಗೆ ಅಲ್ಲೇ ಬಯಲಲ್ಲಿ ಬಿದ್ದಿದ್ದವು. 1865ರಲ್ಲಿ ಮನೆಯವರು ಹೋಗಿ ಅವನ್ನು ಆಯ್ದು ತಂದು ಕಂಫರ್ಟ್ ಎಂಬ ಊರಲ್ಲಿ ಮಣ್ಣು ಮಾಡಿದರು. ಮರುವರ್ಷ ಅಲ್ಲಿ ಸ್ತಂಭ ನಿಲ್ಲಿಸಿದರು. ಮಣ್ಣು ಮಾಡೋರು ಯಾರು ಅನ್ನುವುದು ನಿಮ್ಮ ಅಮ್ಮನೊಬ್ಬರ ಚಿಂತೆಯಲ್ಲ.

ಆ ಹೊಲದ ಬಗ್ಗೆ ನನಗೆ ತುಂಬ ಇಷ್ಟವಾದ ಸಂಗತಿ ಬೇರೆ ಇದೆ. ಸಾವರ್ ಮಕ್ಕಳಲ್ಲಿ ಆಗುಸ್ಟಾ ಎಂಬಾಕೆ ಮದುವೆಯಾಗಿ ಲಿಂಡಿಗ್ ಮನೆ ಸೇರಿದರು. ಅವರು ಸೂಲಗಿತ್ತಿ. 1908ರ ಆಗಸ್ಟ್ 27ರಂದು ಪೆಡರ್ನಾಲಿಸ್ ಹೊಳೆಯ ದಂಡೆಯ ಒಂದು ಮನೆಯಲ್ಲಿ ಹೆರಿಗೆ ಮಾಡಿಸಿದರು. ಹುಟ್ಟಿದ ಮಗು ಲಿಂಡನ್ ಜಾನ್ಸನ್. ಮುಂದೆ ಅಮೆರಿಕದ ಅಧ್ಯಕ್ಷರಾಗಿ 1965ರ ಅಕ್ಟೋಬರ್ 3ರಂದು ಲಿಬರ್ಟಿ ಪ್ರತಿಮೆಯ ಬುಡದಲ್ಲಿ ಕೂತು ಹೊಸ ವಲಸೆ ಕಾನೂನಿಗೆ ಸಹಿ ಹಾಕಿದವರು ಅವರೇ. ಅದಕ್ಕೆ ಮೊದಲು ಭಾರತಕ್ಕೆ ಇದ್ದ ಕೋಟಾ ವರ್ಷಕ್ಕೆ 100 ಜನ. ನಾವೆಲ್ಲ ಒಳಗೆ ಬಂದಿದ್ದು ಆ ಸಹಿಯಿಂದ. ಸಹಿ ಹಾಕಿದವರನ್ನು ಭೂಮಿಗೆ ಇಳಿಸಿಕೊಂಡದ್ದು ಈ ವಲಸೆ ರೈತರ ಮನೆಮಗಳು.

ಹಾಗಂತ ಅವರ ದಾರಿ, ನಮ್ಮ ದಾರಿ ಒಂದೇ ಅಂತ ಹೇಳಲಾರೆ. ಆಗ ಐದು ವರ್ಷ ಇದ್ದ ಬಿಳಿಯರು ಪೌರರಾಗಬಹುದಿತ್ತು. ಭಾರತೀಯರು ಆ ಲೆಕ್ಕಕ್ಕೆ ಬರುವುದಿಲ್ಲ ಅಂತ 1923ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟೇ ಹೇಳಿತ್ತು. ಈಗ ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ 7 ಶೇಕಡಾ ಮಿತಿ. ನಮ್ಮವರ ಸಾಲು ಎಷ್ಟು ಉದ್ದ ಅಂತ ನಿಮಗೆ ಗೊತ್ತೇ ಇದೆ. ನೆಲೆ ನಿಲ್ಲಬಹುದಾ ಅಂದರೆ, ನಿಲ್ಲಬಹುದು. ಕಾಗದ ಕೈಗೆ ಬರುವ ಮುಂಚೆಯೇ ಬದುಕು ಕಟ್ಟಬೇಕು, ಅಷ್ಟೇ.

ಇನ್ನು ಕನ್ನಡ. ಈ ಜರ್ಮನ್ನರು ಒಟ್ಟಿಗೇ ಇದ್ದರು. ಅವರದೇ ಚರ್ಚು, ಅವರದೇ ಶಾಲೆ. 1852ರಲ್ಲಿ ಶುರುವಾದ ನ್ಯೂ ಬ್ರೌನ್‌ಫೆಲ್ಸ್‌ನ ಪತ್ರಿಕೆ 1957ರವರೆಗೆ ಜರ್ಮನ್‌ನಲ್ಲಿ ಬಂತು. ನೂರು ವರ್ಷ! ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ಅಂದರೆ ಶತ್ರು ಅಂತಾಯಿತು. 1918ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಪಾಠ ಇಂಗ್ಲಿಷಲ್ಲೇ ಆಗಬೇಕು ಅಂತ ಕಾನೂನು ಬಂತು. ಎರಡನೇ ಯುದ್ಧದ ನಂತರ ಅಪ್ಪ ಅಮ್ಮಂದಿರೇ ಮಕ್ಕಳ ಜೊತೆ ಇಂಗ್ಲಿಷ್ ಮಾತಾಡತೊಡಗಿದರು. ಈಗ ಆ ಟೆಕ್ಸಸ್ ಜರ್ಮನ್ ಮಾತಾಡುವವರು ಮುದುಕರು ಮಾತ್ರ. ಆಸ್ಟಿನ್ ವಿಶ್ವವಿದ್ಯಾಲಯದವರು 2001ರಿಂದ ಅವರ ದನಿ ರೆಕಾರ್ಡ್ ಮಾಡಿ ಇಡುತ್ತಿದ್ದಾರೆ. ಅಂಥವರದ್ದೇ ಹೀಗಾದರೆ, ನಮ್ಮ ವಾರಕ್ಕೊಂದು ಕನ್ನಡ ತರಗತಿ ಎಷ್ಟು ತಡೆಯುತ್ತೆ ಹೇಳಿ. ನಿಮ್ಮ ಮಗಳು ಕನ್ನಡ ಮಾತಾಡುತ್ತಾಳೆ, ನೀವು ಮನೆಯಲ್ಲಿ ಹಟ ಹಿಡಿದರೆ. ಅವಳ ಮಕ್ಕಳು ಬಹುಶಃ ಆಡುವುದಿಲ್ಲ. ಆದರೂ ತರಗತಿಗೆ ಕಳಿಸಿ. ಅಲ್ಲಿ ನಿಮಗೆ ಜನ ಸಿಗುತ್ತಾರೆ. ನಿಜ ಹೇಳಬೇಕೆಂದರೆ ಅದೇ ದೊಡ್ಡ ಲಾಭ.

ಆ ಜನ ಯಾಕೆ ಬೇಕು ಅಂತ ಅಮ್ಮನಿಗೆ ಹೀಗೆ ಹೇಳಿ. ಇಲ್ಲಿ ಯಾರಾದರೂ ಹೋದರೆ ಫ್ಯೂನರಲ್ ಹೋಮಿನವರು ದೇಹ ತೆಗೆದುಕೊಂಡು ಹೋಗುತ್ತಾರೆ. ದಹನಕ್ಕೆ ಟೆಕ್ಸಸ್ ಕಾನೂನಿನ ಪ್ರಕಾರ, ವಿಶೇಷ ಅನುಮತಿ ಇಲ್ಲದಿದ್ದರೆ, 48 ಗಂಟೆ ಕಾಯಬೇಕು. ಊರಲ್ಲಿ ಸಂಜೆಯೊಳಗೆ ಎಲ್ಲ ಮುಗಿಸುವ ನಮ್ಮವರಿಗೆ ಈ ಕಾಯುವುದೇ ಕಷ್ಟ. ಆ ಎರಡು ದಿನ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ ಅಂತ ಯಾರಾದರೂ ಅನ್ನ ಸಾರು ತಂದಿಡುತ್ತಾರೆ, ಒಬ್ಬರು ಕಾಗದಪತ್ರಕ್ಕೆ ಓಡಾಡುತ್ತಾರೆ, ಇನ್ನೊಬ್ಬರು ಮಕ್ಕಳನ್ನು ತಮ್ಮ ಮನೆಗೆ ಕರೆದೊಯ್ಯುತ್ತಾರೆ. ಬಂದವರಲ್ಲಿ ಅರ್ಧ ಜನಕ್ಕೆ ಸತ್ತವರ ಪರಿಚಯವೇ ಇರುವುದಿಲ್ಲ. ಅಸ್ಥಿ ಊರಿಗೆ ಒಯ್ಯುವುದಕ್ಕೆ ಮರಣಪತ್ರ, ದಹನದ ಪ್ರಮಾಣಪತ್ರ ಎರಡೂ ಇಟ್ಟುಕೊಳ್ಳಬೇಕು. ಹ್ಯೂಸ್ಟನ್‌ನಲ್ಲಿ ನಮ್ಮ ಕಾನ್ಸುಲೇಟ್ ಇದೆ.

ನೀವಿಬ್ಬರೂ ಬಂದ ಮೊದಲ ವರ್ಷವೇ ವಿಲ್ ಬರೆಯಿರಿ. ಮಗಳನ್ನು ಯಾರು ನೋಡಿಕೊಳ್ಳಬೇಕು ಅಂತ ಅದರಲ್ಲಿ ಹೆಸರು ಹಾಕಿ. ಕೆಲಸದ ವೀಸಾ ಎಚ್-1ಬಿ ಆಗಲಿ ಎಲ್-1 ಆಗಲಿ, ಅದನ್ನು ಹಿಡಿದವರು ತೀರಿಹೋದರೆ ಹೆಂಡತಿ ಮಕ್ಕಳ ವೀಸಾಕ್ಕೂ ಆಧಾರ ಹೋಗುತ್ತದೆ. ಇದನ್ನು ಹೇಳಿದರೆ ಅಪಶಕುನ ಅಂತ ಎದ್ದುಹೋದವರೂ ಇದ್ದಾರೆ. ಬೇಸರ ಮಾಡಿಕೊಳ್ಳಬೇಡಿ.

ಅಮ್ಮನನ್ನು ಕರೆಸಿಕೊಂಡಾಗ, ಸ್ಟೋನ್‌ವಾಲ್ ಹತ್ತಿರವೇ ಇರುವ ಜರ್ಮನ್ನರ ಊರು ಫ್ರೆಡರಿಕ್ಸ್‌ಬರ್ಗ್‌ಗೂ ಕರೆದೊಯ್ಯಿರಿ. ಅಲ್ಲಿ ಭಾನುವಾರದ ಮನೆಗಳು ಅಂತ ಪುಟ್ಟಪುಟ್ಟ ಮನೆಗಳಿವೆ. ದೂರದ ಹೊಲದವರು ಶನಿವಾರ ಸಂತೆಗೆ, ಭಾನುವಾರ ಚರ್ಚಿಗೆ ಬಂದಾಗ ಉಳಿಯಲು ಕಟ್ಟಿಕೊಂಡವು. ವಯಸ್ಸಾದ ಮೇಲೆ ಎಷ್ಟೋ ದಂಪತಿ ಹೊಲವನ್ನು ಮಕ್ಕಳಿಗೆ ಬಿಟ್ಟು ಇಲ್ಲೇ ಬಂದು ಇರುತ್ತಿದ್ದರು. ಡಾಕ್ಟರು, ಚರ್ಚು, ಓರಗೆಯವರು ಎಲ್ಲ ನಡೆದು ಹೋಗುವಷ್ಟು ಹತ್ತಿರ. ಇಲ್ಲಿ ಕಾರು ಓಡಿಸಲು ಬಾರದ ನಮ್ಮ ತಂದೆತಾಯಿಯರು ಹಗಲೆಲ್ಲ ಕಿಟಕಿ ಪಕ್ಕ ಕೂರುವುದನ್ನು ನೋಡಿದರೆ, ಆ ರೈತರು ಈ ವಿಷಯದಲ್ಲಿ ನಮಗಿಂತ ಜಾಣರು ಅನಿಸುತ್ತದೆ. ಬಾಡಿಗೆ ಮನೆ ಹುಡುಕುವಾಗ ಶಾಲೆಯ ಅಂಕ ಮಾತ್ರ ನೋಡಬೇಡಿ, ನಡೆದು ಹೋಗಲು ಏನಿದೆ ಅಂತಲೂ ನೋಡಿ.

ಗ್ರೈಂಡರ್ ತರಬೇಡಿ. ಇಲ್ಲಿ 120 ವೋಲ್ಟ್, ನಿಮ್ಮದು 230ರದ್ದು, ಕಲ್ಲು ತಿರುಗುವುದಿಲ್ಲ. ಇಲ್ಲಿನ ಕರೆಂಟಿಗೇ ಮಾಡಿದ ಗ್ರೈಂಡರ್ ಇಂಡಿಯನ್ ಅಂಗಡಿಯಲ್ಲೇ ಸಿಗುತ್ತದೆ. ಆ ತೂಕಕ್ಕೆ ಮಗಳ ಕನ್ನಡ ಪುಸ್ತಕ ಹಾಕಿಕೊಳ್ಳಿ. ಬರುವ ದಿನ ಗೊತ್ತಾದ ತಕ್ಷಣ ತಿಳಿಸಿ, ಏರ್‌ಪೋರ್ಟಿಗೆ ನಾವೇ ಬರುತ್ತೇವೆ.