‘ಕೆಜಿಎಫ್’ ಸಿನಿಮಾದ ರಾಕಿ ವೇಷಕ್ಕೆ ಅಂಟಿಸಿದ ಗಡ್ಡ ಮಳೆಗಾಲದಲ್ಲಿ ಯಾಕೆ ಕಿತ್ತು ಬರುತ್ತೆ?

ಗಮ್ ಆರುವ ಮೊದಲೇ ಕೂದಲು ಒತ್ತಿರುತ್ತೀರಿ, ಇಲ್ಲವೇ ಅದರಡಿ ಫೌಂಡೇಶನ್ನೋ ಬೆವರೋ ಇರುತ್ತೆ. ಗಮ್ ಕಳಪೆ ಅನ್ನೋದು ಕಡಿಮೆ.

ಸ್ಪಿರಿಟ್ ಗಮ್ ಅಂದರೆ ಆಲ್ಕೋಹಾಲಿನಲ್ಲಿ ಕರಗಿಸಿದ ರಾಳ. ಆಲ್ಕೋಹಾಲು ಆರಿದ ಮೇಲೇ ರಾಳಕ್ಕೆ ಹಿಡಿತ. ಎಣ್ಣೆ, ಬೆವರು ನಡುವೆ ಬಂದರೆ ಅದು ಚರ್ಮಕ್ಕೆ ಹಿಡಿಯುವುದೇ ಇಲ್ಲ.

ರಾಕಿಗೆ ಕೋಟ್‌ಗಿಂತ ಗಡ್ಡ ಮುಖ್ಯ, ಹಾಗಾಗಿ ಸಮಯ ಅದಕ್ಕೇ ಕೊಡಿ. ಮುಖ ತೊಳೆದು ಒರೆಸಿ, ಗಡ್ಡ ಬರುವ ಜಾಗಕ್ಕೆ ಸರ್ಜಿಕಲ್ ಸ್ಪಿರಿಟ್ ಹಚ್ಚಿದ ಹತ್ತಿ ಆಡಿಸಿ. ಅಲ್ಲಿ ಫೌಂಡೇಶನ್ ಬೇಡ. ಗಮ್ ತೆಳ್ಳಗೆ ಬಳಿದು, ಬೆರಳ ತುದಿಯಿಂದ ತಟ್ಟುತ್ತಾ ಇರಿ. ಬೆರಳು ಎತ್ತಿದಾಗ ಎಳೆ ಬಂದರೆ ತಯಾರು. ಬೇಸಿಗೆಯಲ್ಲಿ ಅರ್ಧ ನಿಮಿಷ ಸಾಕು. ಆಷಾಢದಲ್ಲಿ ತೀರ್ಥಹಳ್ಳಿ, ಆಗುಂಬೆ ಕಡೆ ಇನ್ನೂ ಕಾಯಬೇಕು. ಕೂದಲು ಅಂಟಿಸೋದನ್ನು ಗದ್ದದ ಅಡಿಯಿಂದ ಶುರುಮಾಡಿ, ಹೆಂಚು ಹೊದಿಸುವ ಹಾಗೆ ಒಂದರ ಮೇಲೊಂದು ಸಾಲು ಮೇಲಕ್ಕೆ ಬರಲಿ. ಒದ್ದೆ ಬಟ್ಟೆಯಿಂದ ಒತ್ತಿ. ಬಾಯಿಯ ಮೂಲೆಯಲ್ಲಿ ಎರಡು ಮಿಲಿಮೀಟರ್ ಖಾಲಿ ಬಿಡಿ, ಡೈಲಾಗ್ ಹೇಳುವಾಗ ಮೊದಲು ಏಳುವುದು ಅಲ್ಲೇ.

ಗಡ್ಡದ ಕೂದಲಿಗೆ ಬಳಸುವ, ಜಡೆ ಹಾಕಿ ಮಾರುವ ಕ್ರೇಪ್ ಉಣ್ಣೆ ತೇವ ತಗುಲಿದರೆ ಮತ್ತೆ ಸುರುಳಿಯಾಗುತ್ತೆ. ಹಿಂದಿನ ದಿನವೇ ಬಿಡಿಸಿ, ಹಬೆಯಲ್ಲಿ ನೇರ ಮಾಡಿ, ಒಣಗಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಡಿ. ಮೊಣಕೈ ಒಳಭಾಗದಲ್ಲಿ ಒಂದು ಹನಿ ಗಮ್ ಹಚ್ಚಿ ಅಲರ್ಜಿ ನೋಡುವುದೂ ಅವತ್ತೇ. ಫೆವಿಕ್ವಿಕ್ ಮಾತ್ರ ಹತ್ತಿರಕ್ಕೂ ತರಬೇಡಿ, ಚರ್ಮವೇ ಕಿತ್ತು ಬರುತ್ತೆ.

ತೆಗೆಯುವಾಗ ಎಳೆಯಬೇಡಿ, ಅಂಚಿಗೆ ಕೊಬ್ಬರಿ ಎಣ್ಣೆ ಸವರಿ ಐದು ನಿಮಿಷ ಬಿಡಿ.