ಮಕ್ಕಳಿಗೆ ದೇಹದ ಪಾಠ: ಐದು ಲೀಟರಿನ ಬಕೆಟ್ಟು, ಒಂದು ಚಹಾ ಲೋಟ

ನಿಮ್ಮ ಮಗಳು ನಾಲ್ಕನೇ ಕ್ಲಾಸು. ಜೀರ್ಣಾಂಗವ್ಯೂಹ, ಶ್ವಾಸಾಂಗವ್ಯೂಹ, ನರವ್ಯೂಹ ಅಂತ ಹೆಸರೆಲ್ಲ ಗಟಗಟ ಒಪ್ಪಿಸುತ್ತಾಳೆ, ಆದರೆ "ಉಸಿರಾಡೋದು ಯಾಕೆ?" ಅಂದರೆ ಸುಮ್ಮನಾಗುತ್ತಾಳೆ, ಇದನ್ನೆಲ್ಲ ಅವಳಿಗೆ ಹೇಗೆ ತಿಳಿಸಿ ಹೇಳೋದು ಅಂತ ಕೇಳಿದ್ದೀರಿ. ನಾನು ರಾಯಚೂರು ಜಿಲ್ಲೆಯ ಮಾನ್ವಿ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರು. ಹದಿನಾಲ್ಕು ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ. ಮೊದಲ ಐದಾರು ವರ್ಷ ಕೆಟ್ಟದಾಗಿಯೇ ಮಾಡಿದೆ ಅನ್ನಬೇಕು.

ತೊಂದರೆ ಏನಂದರೆ, ಒಂದೊಂದು ವ್ಯೂಹಕ್ಕೆ ಒಂದೊಂದು ಚಿತ್ರ ತೋರಿಸುತ್ತೇವೆ. ಮಕ್ಕಳ ತಲೆಯಲ್ಲಿ ಅವು ಐದಾರು ಬೇರೆ ಬೇರೆ ಮನುಷ್ಯರಾಗಿ ಕೂತುಬಿಡುತ್ತವೆ. ಒಬ್ಬನಿಗೆ ಬರೀ ಕರುಳು, ಇನ್ನೊಬ್ಬನಿಗೆ ಬರೀ ಎಲುಬು. ಅದಕ್ಕೇ ನಾನೀಗ ರಕ್ತ ಒಂದನ್ನೇ ಹಿಡಿದು ಹೊರಡುತ್ತೇನೆ. ಅದು ಎಲ್ಲಿಗೆ ಹೋಗುತ್ತದೋ ನಾವೂ ಅಲ್ಲಿಗೆ.

ಶುರು ಮಾಡೋದು ಗುಂಡಿಗೆಯಿಂದ. (ಹೃದಯ ಅಂದರೆ ಮಕ್ಕಳಿಗೆ ಸಿನಿಮಾ ಹಾಡು ನೆನಪಾಗುತ್ತದೆ. ಗುಂಡಿಗೆ ಅಂದರೆ ಎದೆ ಮುಟ್ಟಿಕೊಳ್ಳುತ್ತಾರೆ.) ಮೊದಲು ಅದು ಬಡಿಯೋದನ್ನು ಕಣ್ಣಿಗೆ ತೋರಿಸಿ. ಒದ್ದೆ ಎರೆಮಣ್ಣಿನ ಕಡಲೆ ಗಾತ್ರದ ಉಂಡೆ ಮಾಡಿ, ಅದಕ್ಕೊಂದು ಕಸಬರಿಗೆ ಕಡ್ಡಿ ಚುಚ್ಚಿ. ಹೆಬ್ಬೆರಳಿನ ಬುಡಕ್ಕೆ, ಮಣಿಕಟ್ಟಿನಲ್ಲಿ ನಾಡಿ ಸಿಗುವ ಜಾಗದಲ್ಲಿ ಅಂಟಿಸಿ, ಕೈ ಅಲ್ಲಾಡಿಸದೆ ಕೂರಿಸಿ. ಕಡ್ಡಿಯ ತುದಿ ತುಸು ತುಸು ತೂಗುತ್ತದೆ. ಜಾಗ ಹುಡುಕಲು ಎರಡು ಮೂರು ಸಲ ಬೇಕಾಗಬಹುದು. ಆದರೆ ಅದು ತೂಗಿದ ಕ್ಷಣ ಕ್ಲಾಸೆಲ್ಲ ಗಪ್ ಆಗುತ್ತದೆ ನೋಡಿ.

ಆಮೇಲೆ ಬಕೆಟ್ಟು. ದೊಡ್ಡವರ ಗುಂಡಿಗೆ ಒಂದು ಬಡಿತಕ್ಕೆ ಸುಮಾರು 70 ಮಿಲಿ ಲೀಟರ್ ರಕ್ತ ತಳ್ಳುತ್ತದೆ, ಅಂದರೆ ಹೋಟೆಲಿನ ಸಣ್ಣ ಚಹಾ ಲೋಟದಷ್ಟು. ಒಂದು ಬಕೆಟ್ಟಿಗೆ ಐದು ಲೀಟರ್ ನೀರು ಹಾಕಿ, ಪಕ್ಕದಲ್ಲೊಂದು ಖಾಲಿ ಬಕೆಟ್ಟು ಇಡಿ. ಚಹಾ ಲೋಟದಲ್ಲಿ ಇದರಿಂದ ಅದಕ್ಕೆ ನೀರು ಹಾಕಬೇಕು, ನಿಮಿಷಕ್ಕೆ 70 ಲೋಟ. ನಮ್ಮ ಕ್ಲಾಸಿನಲ್ಲಿ ಬಲು ಗಟ್ಟಿ ಹುಡುಗ ಅನ್ನಿಸಿಕೊಂಡವನೂ ನಲವತ್ತು ದಾಟಲಿಲ್ಲ, ಭುಜ ಹಿಡಿದುಕೊಂಡು ಕೂತ. ನೆಲವೆಲ್ಲ ನೀರು. (ಇದನ್ನು ಹೊರಗೇ ಮಾಡಿ.)

ಆಗ ಕೇಳುತ್ತೇನೆ: ದೊಡ್ಡವರ ಮೈಯಲ್ಲಿ ಇರೋದೇ ಸುಮಾರು ಐದು ಲೀಟರ್ ರಕ್ತ. ಹಿಂಗೇ ತಳ್ಳುತ್ತಾ ಹೋದರೆ ಒಂದೇ ನಿಮಿಷಕ್ಕೆ ಬಕೆಟ್ಟು ಖಾಲಿ. ಎರಡನೇ ನಿಮಿಷಕ್ಕೆ ಎಲ್ಲಿಂದ ತರೋದು? ಒಂದು ಗಂಟೆಗೆ 300 ಲೀಟರ್ ಬೇಕು, 15 ಲೀಟರಿನ ಕೊಡವಾದರೆ ಇಪ್ಪತ್ತು ಕೊಡ! ನೀರು ಹೊತ್ತು ಗೊತ್ತಿರುವ ಹುಡುಗಿಯರಿಗೆ ಈ ಲೆಕ್ಕ ತಕ್ಷಣ ತಾಗುತ್ತದೆ. ಹಿಂದಿನ ಸಾಲಿನಿಂದ ಒಬ್ಬಳು ಅಂದಳು, "ಅದೇ ನೀರು ವಾಪಸ್ ಬರಬೇಕಲ್ರಿ ಸರ್." ವಿಲಿಯಂ ಹಾರ್ವೆ ಅನ್ನೋ ಇಂಗ್ಲೆಂಡಿನ ವೈದ್ಯರು 1628ರಲ್ಲಿ ಪುಸ್ತಕ ಬರೆದು ವಾದಿಸಿದ್ದೂ ಹೆಚ್ಚುಕಡಿಮೆ ಇದೇ ಲೆಕ್ಕದಿಂದ. ಅಷ್ಟೊಂದು ರಕ್ತವನ್ನು ಮೈ ಹೊಸದಾಗಿ ಮಾಡಿಕೊಳ್ಳಲು ಆಗಲ್ಲ, ಹಾಗಾದರೆ ಅದು ಸುತ್ತುತ್ತಲೇ ಇರಬೇಕು ಅಂತ.

ಒಂದು ಸಲ ಗುಂಡಿಗೆ ಅಂದರೆ ಮೋಟಾರ್ ಇದ್ದ ಹಾಗೆ ಅಂದುಬಿಟ್ಟೆ. ಒಬ್ಬ ಹುಡುಗ ಕೇಳಿದ, "ಕರೆಂಟ್ ಹೋದ್ರ, ಸರ್?" ತ್ರೀ ಫೇಸ್ ಬರೋದನ್ನೇ ಕಾದು ರಾತ್ರಿ ಹೊಲಕ್ಕೆ ಹೋಗುವ ಮನೆಯ ಹುಡುಗ, ಬೇರೇನು ಕೇಳುತ್ತಾನೆ? ನನ್ನ ಹತ್ತಿರ ಅವತ್ತು ಉತ್ತರ ಇರಲಿಲ್ಲ. ಮನೆಗೆ ಹೋಗಿ ಓದಿದೆ. ಗುಂಡಿಗೆಯ ಗೋಡೆಯಲ್ಲೇ, ಮೇಲ್ಗಡೆ, ಒಂದು ಪುಟ್ಟ ಜಾಗ ಇದೆ. ಬಡಿತಕ್ಕೆ ಬೇಕಾದ ಕರೆಂಟು ಅಲ್ಲೇ ಹುಟ್ಟುತ್ತದೆ. ಮೆದುಳು ಬೇಗ, ನಿಧಾನ ಅಂತ ಹೇಳಬಹುದು ಅಷ್ಟೇ.

ಲಬ್-ಡಬ್ ಸದ್ದೂ ಅಷ್ಟೇ, ಮಕ್ಕಳು ಅದನ್ನು ಏನೋ ಗುದ್ದಿದ ಸದ್ದು ಅಂದುಕೊಂಡಿರುತ್ತಾರೆ. ಅದು ಬಾಗಿಲು ಮುಚ್ಚಿಕೊಳ್ಳೋ ಸದ್ದು. ಗುಂಡಿಗೆಯಲ್ಲಿ ನಾಲ್ಕು ಕವಾಟ ಇವೆ, ರಕ್ತ ಮುಂದಕ್ಕೆ ಹೋಗಲು ಬಿಡುತ್ತವೆ, ಹಿಂದಕ್ಕೆ ಬಿಡಲ್ಲ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯಿತಲ್ವಾ, ಆಮೇಲೆ ನಮ್ಮ ಕಡೆ ಗೇಟು ಅಂದರೇನು ಅಂತ ಯಾವ ಮಗುವಿಗೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ರಕ್ತದ ದಾರಿ. ಅದೇ ಡ್ಯಾಮಿನ ಹತ್ತಿರದ ಮುನಿರಾಬಾದಿನಿಂದ ಬರುವ ಎಡದಂಡೆ ಕಾಲುವೆ ಮಕ್ಕಳಿಗೆ ಗೊತ್ತು. ದೊಡ್ಡ ಕಾಲುವೆ, ಉಪಕಾಲುವೆ, ಆಮೇಲೆ ಹೊಲಕ್ಕೆ ಹೋಗೋ ಸಣ್ಣ ಕಾಲುವೆ. ರಕ್ತನಾಳಗಳೂ ಹಾಗೇ ಕವಲೊಡೆದು ಕೊನೆಗೆ ಕೂದಲಿಗಿಂತ ಸಣ್ಣಗಾಗುತ್ತವೆ, ಕೆಂಪು ರಕ್ತಕಣಗಳು ಒಂದರ ಹಿಂದೆ ಒಂದು ಸಾಲಾಗಿ ನುಸುಳಬೇಕು. ಆದರೆ ಈ ಹೋಲಿಕೆ ಎಲ್ಲಿ ಮುರಿಯುತ್ತದೆ ಅನ್ನೋದನ್ನೂ ಹೇಳಿಬಿಡಿ: ಹೊಲಕ್ಕೆ ಹೋದ ನೀರು ಡ್ಯಾಮಿಗೆ ವಾಪಸ್ ಬರಲ್ಲ.

ವಾಪಸ್ ಬಂದ ರಕ್ತ ಮತ್ತೆ ಹೊರಡೋ ಮುಂಚೆ ಎಲ್ಲಿಗೆ ಹೋಗುತ್ತದೆ? ಇಲ್ಲಿ ನಿಮ್ಮ ಮಗಳಿಗೆ ಉಸಿರಾಟದ ಉತ್ತರ ಸಿಗುತ್ತದೆ. ಗುಂಡಿಗೆಯ ಬಲಗಡೆ ಅದನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಆಮ್ಲಜನಕ ತುಂಬಿಕೊಂಡು ಬಂದ ಮೇಲೆ ಎಡಗಡೆ ಇಡೀ ಮೈಗೆ ತಳ್ಳುತ್ತದೆ. ಕರುಳಿನ ಹತ್ತಿರ ಹಾದು ಹೋಗುವಾಗ ಕರಗಿದ ರೊಟ್ಟಿ ಸೇರಿಕೊಳ್ಳುತ್ತದೆ. ಈಗ ಅಜ್ಜಿಯ ಒಲೆ ನೆನಪಿಸಿ. ಕಟ್ಟಿಗೆ ಇದ್ದರೆ ಸಾಲದು, ಊದಬೇಕು. ರೊಟ್ಟಿ ಕಟ್ಟಿಗೆ, ಉಸಿರು ಊದುಗೊಳವೆಯ ಗಾಳಿ. ಮೈಯ ಒಂದೊಂದು ಜೀವಕೋಶದಲ್ಲೂ ಹೊಗೆಯಿಲ್ಲದ, ಜ್ವಾಲೆಯಿಲ್ಲದ ಒಲೆ. ಅದರ ಬಿಸಿಯೇ ನಮ್ಮ ಮೈಯ 37 ಡಿಗ್ರಿ.

ನಮ್ಮ ಊರಿನ ಬೇಸಿಗೆಯಲ್ಲಿ ಇದು ಇನ್ನೂ ಚೆನ್ನಾಗಿ ಕೂರುತ್ತದೆ. ಹೊರಗೆ 40 ದಾಟಿದಾಗ ಗಾಳಿಯೇ ಮೈಗಿಂತ ಬಿಸಿ. ಒಳಗಿನ ಒಲೆಯ ಬಿಸಿ ಹೊರಗೆ ಹೋಗೋದು ಹೇಗೆ? ರಕ್ತ ಚರ್ಮದ ಹತ್ತಿರ ಜಾಸ್ತಿ ಹರಿಯುತ್ತದೆ, ಬೆವರು ಬರುತ್ತದೆ, ಅದು ಆರಿದಾಗ ಬಿಸಿ ಹೋಗುತ್ತದೆ. ಮಣ್ಣಿನ ಗಡಿಗೆ ಜಿನುಗಿ ನೀರು ತಣ್ಣಗಾದ ಹಾಗೆ. ಆಡಿ ಬಂದವರ ಅಂಗಿಯ ಬೆನ್ನಿನ ಮೇಲೆ ಬಿಳಿ ಗೆರೆ ಇರುತ್ತದಲ್ಲ, ಅದು ಉಪ್ಪು. ನಮ್ಮ ಹುಡುಗನೊಬ್ಬ ನೆಕ್ಕಿಯೇ ನೋಡಿದ, ನಾನು ಬೇಡ ಅನ್ನೋದರೊಳಗೆ.

ಓಡುವಾಗ ಕಾಲಿನ ಸ್ನಾಯುಗಳಿಗೆ ರಕ್ತ ಜಾಸ್ತಿ, ಕರುಳಿಗೆ ಕಡಿಮೆ. ಇದಕ್ಕೆ ನಾನು ವಾರಾಬಂದಿ (ಕಾಲುವೆ ನೀರನ್ನು ಸರದಿ ಪ್ರಕಾರ ಬಿಡೋದು) ಅಂತೀನಿ, ಮಕ್ಕಳು ನಗುತ್ತಾರೆ. ಕಿಡ್ನಿಯ ಬಗ್ಗೆ ಒಂದೇ ಮಾತು ಸಾಕು: ದೊಡ್ಡವರಲ್ಲಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಲೀಟರಿನಷ್ಟು ಮಾತ್ರ ಹೊರಗೆ ಬಿಡುತ್ತದೆ, ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ನರವ್ಯೂಹವನ್ನು ಕಾಲುವೆಗೆ ಸಿಕ್ಕಿಸಲು ಹೋಗಬೇಡಿ, ಅದಕ್ಕೆ ಇನ್ನೊಂದು ದಿನ ಇಡಿ.

ಹಾಂ, ಕೆಟ್ಟ ರಕ್ತ (ಅಂದರೆ ಆಮ್ಲಜನಕ ಕಡಿಮೆಯಾಗಿ ವಾಪಸ್ ಬರೋ ರಕ್ತ) ನೀಲಿ ಅಂತ ಮಾತ್ರ ಹೇಳಬೇಡಿ. ನಾನು ವರ್ಷಗಟ್ಟಲೆ ಹೇಳಿದ್ದೇನೆ. ಚಿತ್ರದಲ್ಲಿ ಗುರುತಿಗೆ ನೀಲಿ ಬಳಿದಿರುತ್ತಾರೆ ಅಷ್ಟೇ. ಅದು ಕಪ್ಪುಗೆಂಪು.

ಹೋದ ವರ್ಷ ಪಾಠ ಮುಗಿಸಿ ಬೋರ್ಡು ಒರೆಸುತ್ತಿದ್ದೆ. ಒಬ್ಬಳು ಎದ್ದು ನಿಂತು ಕೇಳಿದಳು, "ಎಲ್ಲರಿಗೂ ರಕ್ತ ಕೊಡೋ ಗುಂಡಿಗೆಗೆ ರಕ್ತ ಯಾರು ಕೊಡ್ತಾರ್ರಿ?" ಗುಂಡಿಗೆಯಿಂದ ಹೊರಡೋ ದೊಡ್ಡ ನಾಳದ ಮೊಟ್ಟಮೊದಲ ಕವಲುಗಳೇ ಗುಂಡಿಗೆಗೆ ಹೋಗುತ್ತವೆ, ಮೊದಲ ತೂಬು ಅದರದ್ದೇ ಅಂದೆ. ನಮ್ಮದು ಕಾಲುವೆಯ ಕೆಳಭಾಗದ ಊರು, ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹುಡುಗಿ ಸ್ವಲ್ಪ ಹೊತ್ತು ಯೋಚನೆ ಮಾಡಿ ಅಂದಳು, "ಹಂಗಾದ್ರ ಗುಂಡಿಗಿ ಮೇಲ್ಭಾಗದ ರೈತ ಬಿಡ್ರಿ."